ಕಿಡಕಿ ಸಿಲ್ ಕೆಳಗಿನ ಗ್ರೂವ್, ಮತ್ತೆ ನಮ್ಮ ಶಹಾಬಾದ್ ಕಲ್ಲು

ರೋ ಹೌಸ್‌ನಲ್ಲಿ ಇರೋರಿಗೆ ಗೊತ್ತಿರತ್ತೆ, ಮನೆಗೆ ನಾಕು ಗೋಡೆ ಅಂತ ಹೆಸರಿಗೆ ಅಷ್ಟೇ, ಗಾಳಿ ಬೆಳಕಿಗೆ ನಮ್ಮ ಪಾಲಿಗಿರೋದು ಎರಡೇ, ಮುಂದಿಂದು ಒಂದು ಹಿಂದಿಂದು ಒಂದು. ಎಡಕ್ಕೂ ಬಲಕ್ಕೂ ಪಕ್ಕದ ಮನೆಯವ್ರ ಜೊತೆ ಒಂದೇ ಗೋಡೆ. ಹಾಗಾಗಿ ಇರೋ ಬರೋ ಕಿಡಕಿ ಎಲ್ಲಾ ಆ ಎರಡು ಗೋಡೆಗೇ ಬಂದಿರ್ತವೆ. ನಮ್ಮ ಸಾಲಿನ ಮುಖ ಪಶ್ಚಿಮಕ್ಕೆ, ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಳಿ ಬರೋದೂ ಆ ಕಡೆಯಿಂದಾನೇ. ಬಿಬ್ವೇವಾಡಿ ಕಡೆ ಇರೋ ಈ ಮನೆ ನಮ್ಮ ಮಾವನೋರು 1978ರಲ್ಲಿ ತಗೊಂಡಿದ್ದು, ಪಿಲ್ಲರ್ ಇಲ್ಲ ಬೀಮ್ ಇಲ್ಲ, ಒಂಬತ್ತು ಇಂಚಿನ ಇಟ್ಟಂಗಿ ಗೋಡೆ ಮೇಲೇ ಸ್ಲ್ಯಾಬ್ ಕೂತಿದೆ. ಸಾಗವಾನಿ ಚೌಕಟ್ಟು, ಅದರ ಕೆಳಗೆ ಶಹಾಬಾದ್ ಫರಸಿಯ (ಹಾಸುಗಲ್ಲಿನ) ಸಿಲ್, ಅಂದ್ರೆ ಕಿಡಕಿ ಕೆಳಗೆ ಗೋಡೆ ಮೇಲೆ ಅಡ್ಡ ಹಾಸೋ ಕಲ್ಲು.

ತೊಂದರೆ ಇದ್ದಿದ್ದು ಮೇಲಿನ ಎರಡು ರೂಮಲ್ಲಿ. ಪ್ರತಿ ವರ್ಷ ಗಣಪತಿ ಹಬ್ಬದ ಹೊತ್ತಿಗೆ ಕಿಡಕಿ ಕೆಳಗೆ ಬಣ್ಣ ಉಬ್ಬೋದು, ದೀಪಾವಳಿಗೆ ಆ ಉಬ್ಬು ಒಡೆದು ಬಿಳಿ ಬಿಳಿ ಉಪ್ಪು ಬಿಡೋದು, ಅತ್ತೆ ಪೊರಕೆ ತಗೊಂಡು ಗುಡಿಸೋದು. ಪೇಂಟರ್‌ಗಳು ಬಂದು ಕೆರೆದು ಲಾಂಬಿ (ಪುಟ್ಟಿ) ಹಚ್ಚಿ ವಾಟರ್‌ಪ್ರೂಫ್ ಅಂತ ಯಾವುದೋ ಪ್ರೈಮರ್ ಬಳಿದು ಹೋಗೋರು, ಮುಂದಿನ ಮಳೆಗಾಲ ಮುಗಿಯೋದ್ರೊಳಗೆ ಅದೂ ಉಬ್ಬೋದು. ಒಳಗಡೆಯಿಂದ ಏನು ಬಳಿದ್ರೂ ಹೊರಗಿಂದ ಬರೋ ನೀರು ನಿಲ್ಲಲ್ಲ ಅನ್ನೋ ಮಾತನ್ನ ಒಬ್ಬನಾದ್ರೂ ಹೇಳ್ಬೇಕಿತ್ತಲ್ಲ, ಹೇಳಿದ್ರೆ ಅವ್ರ ಕೆಲಸ ಹೋಗತ್ತೆ. ಅಲ್ಯುಮಿನಿಯಂ ಕಿಡಕಿ ಮಾಡೋನೊಬ್ಬ ಬಂದು ಈ ಸಾಗವಾನಿ ಎಲ್ಲಾ ಕಿತ್ತಾಕಿ ಸ್ಲೈಡಿಂಗ್ ಹಾಕಿಸ್ರಿ, ಎಲ್ಲಾ ಸರಿಹೋಗ್ತದೆ ಅಂದ. ಮಾವನೋರು ಅವನಿಗೆ ಚಹಾನೂ ಕೇಳಲಿಲ್ಲ.

ಕೊನೆಗೆ ಸಿಕ್ಕಿದ್ದು ನಮ್ಮ ಕಡೆಯ ಗೌಂಡಿ, ಗಾರೆ ಕೆಲಸದೋನು. ಸಾಲಿನ ಕೊನೇ ಮನೆಗೆ ಗಿಲಾವು (ಪ್ಲಾಸ್ಟರ್) ಮಾಡ್ತಿದ್ದ, ಪರಾಂಚಿ (ಕೆಲಸಕ್ಕೆ ಕಟ್ಟೋ ಅಟ್ಟಣಿಗೆ) ಮೇಲೆ ನಿಂತು ಫೋನಲ್ಲಿ ಯಾರಿಗೋ "ಏ ಬರ್ತೀನ್ಲೇ, ಜಾತ್ರಿಗೆ ಬರ್ತೀನಿ, ತಲಿ ತಿನಬ್ಯಾಡ" ಅಂತ ಬಯ್ತಿದ್ದ, ಅಷ್ಟು ಸಾಕಾಯ್ತು ನಂಗೆ. ನಾನು ಕಲಬುರಗಿಯೋಳು, ಅವನು ಯಾದಗಿರಿ ಕಡೆಯೋನು. ಪುಣೆಯಲ್ಲಿ ಕಟ್ಟಡದ ಕೆಲಸ ನಡೆಯೋ ಜಾಗದಲ್ಲಿ ಕಿವಿಗೊಟ್ಟು ಕೇಳಿ, ಕಲಬುರಗಿ, ಯಾದಗಿರಿ, ವಿಜಯಪುರದ ಮಾತು ಕೇಳಿಸದೇ ಇರೋದು ಕಡಿಮೆ.

ಅವನು ಬಂದವನೇ ಒಳಗಿನ ಉಪ್ಪು ನೋಡಲೇ ಇಲ್ಲ. ಕಿಡಕಿ ತೆಗೆದು ಹೊರಗೆ ಕೈ ಚಾಚಿ ಸಿಲ್ ಕಲ್ಲಿನ ಅಡಿಗೆ ಬೆರಳು ಹಾಕಿ ಆ ಕಡೆಯಿಂದ ಈ ಕಡೆ ಎಳೆದ. "ಅಕ್ಕಾರ, ಇದಕ್ಕ ಬಾಯಿನ ಉಳಿದಿಲ್ರಿ" ಅಂದ. ನಂಗೆ ಅರ್ಥ ಆಗ್ಲಿಲ್ಲ. ಆಮೇಲೆ ನನ್ನ ಬೆರಳು ಹಾಕ್ಸಿ ತೋರಿಸಿದ, ಕಲ್ಲು ಗೋಡೆಯಿಂದ ಹೊರಗೆ ಚಾಚಿರೋದು ಅರ್ಧ ಇಂಚೂ ಇಲ್ಲ.

ವಿಷಯ ಏನಪ್ಪಾ ಅಂದ್ರೆ, ಮೊದಲು ಕಟ್ಟಿದಾಗ ಆ ಕಲ್ಲು ಸುಮಾರು ಎರಡು ಇಂಚು ಹೊರಗೇ ಇತ್ತಂತೆ, ಮಾವನೋರೇ ಹೇಳಿದ್ರು. ಆಮೇಲೆ ಎರಡು ಸಲ ಹೊರಗೋಡೆ ರಿಪೇರಿ ಆಯ್ತು, ಹಳೇ ಗಿಲಾವು ತೆಗೀದೇ ಅದರ ಮೇಲೇ ಹೊಸದು ಹೊಡೆದ್ರು, ಗೋಡೆ ದಪ್ಪ ಆಗ್ತಾ ಬಂತು, ಕಲ್ಲು ಇದ್ದಲ್ಲೇ ಇತ್ತು. ಸಿಲ್ ಕಲ್ಲಿನ ಕೆಳಗಡೆ, ಅಂಚಿಂದ ಒಂದಿಂಚು ಒಳಗೆ, ಉದ್ದಕ್ಕೂ ಒಂದು ಗ್ರೂವ್ ಹೊಡೆದಿರ್ತಾರೆ. ಮಳೆ ನೀರು ಕಲ್ಲಿನ ಅಂಚಿಗೆ ಬಂದು ನೆಟ್ಟಗೆ ಕೆಳಗೆ ಬೀಳಲ್ಲ, ಅಂಚು ಸುತ್ತಿ ಕಲ್ಲಿನ ಅಡಿಗೆ ಅಂಟ್ಕೊಂಡು ಗೋಡೆ ಕಡೆಗೇ ಹರಿಯತ್ತೆ. ಗ್ರೂವ್ ಸಿಕ್ಕಿದ್ರೆ ಅದನ್ನ ದಾಟಕ್ಕಾಗದೆ ಅಲ್ಲೇ ಹನಿಯಾಗಿ ಉದುರತ್ತೆ. ನಮ್ಮ ಗ್ರೂವ್ ಗಿಲಾವಿನೊಳಗೆ ಹೂತು ಹೋಗಿತ್ತು. ಅದು ಸಾಲ್ದು ಅಂತ ತೊಂಬತ್ತರ ದಶಕದಲ್ಲಿ ಯಾರೋ ಚೆಂದ ಕಾಣ್ಲಿ ಅಂತ ಕಲ್ಲಿನ ಮೇಲೆ ಬಿಳೀ ಟೈಲ್ಸ್ ಅಂಟಿಸಿದ್ರು, ಅದರ ಇಳಿಜಾರು ಹೊರಗಡೆಗೆ ಬದಲು ಒಳಗಡೆಗೆ. ನೀರು ಟೈಲ್ಸಿನ ಸಂದಿಯಲ್ಲಿ ಇಳಿದು ಚೌಕಟ್ಟಿನ ಬುಡದಲ್ಲಿ ನಿಂತು ಇಟ್ಟಂಗಿ ಕುಡೀತಿತ್ತು. "ಕಲ್ಲಿಂದೇನ್ ತಪ್ಪಿಲ್ರಿ, ಪಾಪ, ಅದರ ಮ್ಯಾಲ ಕೆಳಗ ಎಲ್ಲಾ ಕಡಿಂದ ಮುಚ್ಚ್ಯಾರ" ಅಂದ ಗೌಂಡಿ.

ನಂಗೆ ಒಳಗೊಳಗೇ ಖುಷಿ ಆಯ್ತು, ಯಾಕಂದ್ರೆ ಮನೇಲಿ ಎಲ್ಲರೂ ಇದು ಶಹಾಬಾದ್ ಕಲ್ಲಿನ ದೋಷ ಅಂತಾನೇ ಅನ್ಕೊಂಡಿದ್ರು. ನಮ್ಮ ಜಿಲ್ಲೆ ಕಲ್ಲು ಅದು! ಪುಣೆಯೋರು ದಿನಾ ಶಹಾಬಾದಿ ಫರಶೀ ಅಂತಾರೆ, ಹಳೇ ಮನೆ ಅಂಗಳ, ಶಾಲೆ ವರಾಂಡ, ಬಾವಿ ಕಟ್ಟೆ ಎಲ್ಲಾ ಕಡೆ ಅದೇ, ಆದ್ರೆ ಶಹಾಬಾದ್ ಎಲ್ಲಿದೆ ಅಂತ ಕೇಳಿದ್ರೆ ಹತ್ರಲ್ಲಿ ಒಂಬತ್ತು ಜನ ಉತ್ತರ ಭಾರತ ಅಂತಾರೆ. ಕಲಬುರಗಿ ದಾಟಿ ವಾಡಿ ಕಡೆ ಹೋಗ್ತಾ ರೈಲು ಹಳಿ ಪಕ್ಕದಲ್ಲೇ ಇರೋ ಊರು ಕಣ್ರೀ. ಪುಣೆ ಸುತ್ತ ನೆಲದಲ್ಲಿ ಸಿಗೋದು ಕಪ್ಪು ಬಸಾಲ್ಟ್, ಪೆಟ್ಟು ತಿನ್ನೋ ಕಲ್ಲು, ತೆಳ್ಳಗೆ ಹಾಳೆಯಾಗಿ ಬಿಡಿಸಕ್ಕಾಗಲ್ಲ. ನಮ್ಮದು ಪದರ ಪದರವಾಗಿ ಕೂತ ಸುಣ್ಣಕಲ್ಲು, ಬಿಸಿ ರೊಟ್ಟಿ ಪದರ ಬಿಟ್ಟಂಗೆ ತಾನೇ ಬಿಡ್ತದೆ, ಅದಕ್ಕೇ ಮಶೀನ್ ಇಲ್ಲದ ಕಾಲದಲ್ಲೂ ಫರಸಿ ಆಗ್ತಿತ್ತು. ಮುಂಬೈಯಿಂದ ಪುಣೆ ಸೋಲಾಪುರ ಆಗಿ ರಾಯಚೂರಿಗೆ ರೈಲು ಕೂಡಿದ್ದು 1871ರಲ್ಲಿ, ಆಮೇಲೆ ಈ ಭಾರದ ಸರಕು ಇಷ್ಟು ದೂರ ಬರೋದು ಸಲೀಸಾಯ್ತು. ನಾನು ಮದುವೆಯಾಗಿ ಪುಣೆಗೆ ಬಂದಿದ್ದೂ ಅದೇ ಲೈನ್‌ನಲ್ಲೇ.

ಆದ್ರೂ ಪ್ರೀತಿ ಇದೆ ಅಂತ ಕಣ್ಮುಚ್ಕೊಂಡು ಇರಕ್ಕಾಗಲ್ಲ. ಪದರ ಬಿಡೋ ಗುಣ ಇದೆಯಲ್ಲ, ಅದು ಹೊರಗೆ ಬಿಸಿಲಿಗೆ ಮಳೆಗೆ ನೇರ ಒಡ್ಡಿಕೊಂಡ ಅಂಚಲ್ಲಿ ಒಳ್ಳೇದಲ್ಲ, ಮೇಲಿನ ಕಿಡಕಿಗಳ ಕಲ್ಲು ಅಂಚಲ್ಲಿ ಚಕ್ಕೆ ಚಕ್ಕೆ ಎದ್ದಿದ್ವು. ಎರಡಂತೂ ನಟ್ಟನಡುವೆ ಸೀಳಿದ್ವು. ಅದೇ ಕೆಳಗಿನ ಕಿಡಕಿಗಳಿಗೆ ಸಜ್ಜಾ ದೊಡ್ಡದಿದೆ, ಅಲ್ಲಿ ಕಲ್ಲು ಹೊಳೀತಾ ಇದೆ ಇನ್ನೂ. ಹಾಗಾಗಿ ನಮ್ಮ ತೀರ್ಮಾನ: ಮೇಲೆ ಪಶ್ಚಿಮಕ್ಕೆ ಗ್ರಾನೈಟ್, ಕೆಳಗೆ ಟೈಲ್ಸ್ ಕಿತ್ತು ಕೆಟ್ಟಿದ್ದಷ್ಟನ್ನ ಶಹಾಬಾದಲ್ಲೇ ಬದಲಾಯಿಸೋದು. ಮನೆಯವ್ರು ಎಲ್ಲಾ ಒಂದೇ ಥರ ಇರ್ಲಿ ಅಂತ ಹಠ ಮಾಡಿದ್ರು, ಮಾವನೋರು "ಮನಿ ಏನು ಶೋರೂಮೇನೋ" ಅಂದ್ಮೇಲೆ ಸುಮ್ಮನಾದ್ರು.

ಕಲ್ಲು ನೋಡಕ್ಕೆ ಬಿಬ್ವೇವಾಡಿ-ಕೊಂಢವಾ ರಸ್ತೆಗೆ ಹೋದ್ವಿ, ಮಾರ್ಬಲ್ ಟೈಲ್ಸ್ ಅಂಗಡಿ ಸಾಲಿಗೆ ಸಾಲು ಇವೆ ಅಲ್ಲಿ. ಅಂಗಡಿಯೋನು ಕಡಪಾ ತೋರಿಸಿದ, ಕೋಟಾ ತೋರಿಸಿದ, ತಾಂಡೂರು ತೋರಿಸಿದ, ಒಂದೊಂದಕ್ಕೂ ಒಂದೊಂದು ಗುಣಗಾನ. ಅವು ಮೂರೂ ಮತ್ತೆ ನಮ್ಮ ಶಹಾಬಾದೂ ಎಲ್ಲಾ ಸುಣ್ಣಕಲ್ಲಿನ ಜಾತಿಯೇ, ಹುಳಿ ಬಿದ್ರೆ ಎಲ್ಲದರ ಪಾಲಿಶೂ ಹೋಗತ್ತೆ (ಕಡಪಾ ಅಡಿಗೆ ಕಟ್ಟೆ ಮೇಲೆ ನಿಂಬೆಹಣ್ಣು ಹಿಂಡಿ ಬಿಟ್ಟೋರಿಗೆ ಗೊತ್ತು). ಗ್ರಾನೈಟ್‌ಗೆ ಆ ತೊಂದರೆ ಇಲ್ಲ. ಇಳಕಲ್ ಕೆಂಪು ನೋಡಿ ಮನಸ್ಸು ಅಲ್ಲಾಡಿತು, ಸೀರೆನೂ ಇಳಕಲ್ಲು ಕಿಡಕಿನೂ ಇಳಕಲ್ಲು ಅಂತ ಮನೆಯವ್ರು ತಮಾಷೆ ಮಾಡಿದ್ರು, ಆದ್ರೆ ಹಳೇ ಸಾಲುಮನೆ ಮುಖಕ್ಕೆ ಅಷ್ಟು ಕೆಂಪು ಹೊಂದಲ್ಲ. ಕರೀದು ಪಶ್ಚಿಮದ ಬಿಸಿಲಿಗೆ ಕಾದು ಕೈಯಿಡಕ್ಕಾಗಲ್ಲ. ಸ್ಟೀಲ್ ಗ್ರೇ ತಗೊಂಡ್ವಿ.

ಇಲ್ಲಿ ಒಂದು ಜಗಳ ಆಯ್ತು, ಹೇಳ್ಲೇಬೇಕು. ಸಾಮಾನ್ಯವಾಗಿ ಕಿಡಕಿಗೆ ಹಾಕೋ ಗ್ರಾನೈಟ್ 16ರಿಂದ 18 ಎಂಎಂ. ಅದು ತೆಳ್ಳಗೆ ಕಾಣತ್ತೆ ಅಂತ ಅಂಚಿನ ಕೆಳಗೆ ಇನ್ನೊಂದು ಪಟ್ಟಿ ಅಂಟಿಸಿ ಮೋಲ್ಡಿಂಗ್ ಹೊಡೀತಾರೆ, ಡಬಲ್ ಪಟ್ಟಿ ಅಂತಾರೆ. ಮನೆಯೊಳಗೆ ಮೆಟ್ಟಿಲಿಗೆ ಸರಿ, ಹೊರಗೆ ಬಿಸಿಲು ಮಳೆಯಲ್ಲಿ ಆ ಅಂಟನ್ನ ನಾನು ನಂಬಲ್ಲ, ಯಾರದೋ ತಲೆ ಮೇಲೆ ಬಿದ್ರೆ? ಅದಕ್ಕೆ 30 ಎಂಎಂ ಒಂದೇ ತುಂಡು ಬೇಕು, ಕೆಳಗೆ ಗ್ರೂವ್ ಬೇಕು ಅಂದೆ. "ಕೆಳಗೆ ಯಾರು ನೋಡ್ತಾರೆ ಮೇಡಂ, ಸುಮ್ನೆ ರನ್ನಿಂಗ್ ಫೂಟ್ ರೇಟು ಬೀಳ್ತದೆ" ಅಂದ ಅಂಗಡಿಯೋನು. ಮೇಲಿನ ಮೋಲ್ಡಿಂಗ್‌ಗೆ ಹಾಫ್ ರೌಂಡ್, ಫುಲ್ ರೌಂಡ್ ಅಂತ ಅರ್ಧ ಗಂಟೆ ವಿವರಿಸೋನು, ಕೆಲಸಕ್ಕೆ ಬರೋ ಒಂದೇ ಒಂದು ಗೆರೆ ಕೊರೆಯಕ್ಕೆ ಮುಖ ಸಿಂಡರಿಸಿದ. ಬರೆದು ಕೊಟ್ಟು ಬಂದೆ: ಅಂಚಿಂದ ಒಂದಿಂಚು ಒಳಗೆ, 10 ಎಂಎಂ ಅಗಲ, 8 ಎಂಎಂ ಆಳ, ಎರಡೂ ತುದಿಯಲ್ಲಿ ಗೋಡೆಯೊಳಗೆ ಹೋಗೋ ಭಾಗಕ್ಕೆ ಗ್ರೂವ್ ಬೇಡ. ತುದಿ ತನಕ ಕೊರೆದ್ರೆ ಆ ಗ್ರೂವೇ ಕಾಲುವೆಯಾಗಿ ನೀರನ್ನ ಗೋಡೆಗೆ ಕರ್ಕೊಂಡು ಹೋಗತ್ತೆ.

ಮಾಪು ಹೇಗೆ ಅಂದ್ರೆ ಕಿಡಕಿ ಬಾಯಿ ಐದು ಅಡಿ, ಎರಡೂ ಕಡೆ ಗೋಡೆಯೊಳಗೆ ನಾಕು ನಾಕು ಇಂಚು ಹೋಗ್ಬೇಕು, ಒಟ್ಟು ಐದು ಅಡಿ ಎಂಟು ಇಂಚು. ಅಗಲ ಚೌಕಟ್ಟಿನ ಅಡಿಯಿಂದ ಶುರುವಾಗಿ ಹೊಸ ಗಿಲಾವು ದಾಟಿ ಎರಡಿಂಚು ಹೊರಗೆ. ಹೊಸ ಗಿಲಾವು ದಾಟಿ, ಈ ಮಾತು ಮುಖ್ಯ. ಈಗಿರೋ ಗೋಡೆ ಅಳೆದು ಕಲ್ಲು ತರಿಸಿ ಆಮೇಲೆ ಗಿಲಾವು ಹೊಡ್ಸೋರು ನಮ್ಮ ಸಾಲಲ್ಲೇ ಇದ್ದಾರೆ.

ಸೊಸೈಟಿಗೆ ಒಂದು ಅರ್ಜಿ, ಪಕ್ಕದ ಮನೆ ಕಾಕೂಗೆ ಎರಡು ಮಾತು, ರಾಡಾರೋಡಾ (ಒಡೆದ ಕಲ್ಲು ಮಣ್ಣಿನ ಕಸ) ಒಯ್ಯೋ ಟೆಂಪೋದವನ ನಂಬರು, ಅಷ್ಟು ತಯಾರಿ. ದೀಪಾವಳಿ ಮುಗಿಸಿ ಗೋಡೆ ಒಣಗಿದ ಮೇಲೆ ಶುರು ಮಾಡಿದ್ವಿ.

ಕಲ್ಲು ತೆಗೆಯೋದೇ ಇದರಲ್ಲಿ ಕಷ್ಟದ ಕೆಲಸ, ಕೂರಿಸೋದಲ್ಲ. ಚೌಕಟ್ಟು ಆ ಕಲ್ಲಿನ ಮೇಲೇ ಕೂತಿದೆ, ಕಲ್ಲಿನ ಎರಡು ತುದಿ ಗೋಡೆಯೊಳಗಿವೆ. ಎಳೆದ್ರೆ ಬರಲ್ಲ, ಹೊಡೆದ್ರೆ ಚೌಕಟ್ಟು ಅಲ್ಲಾಡಿ ಗಾಜು ಹೋಗತ್ತೆ. ಮೊದಲು ಗೌಂಡಿ ಗಾಜಿನ ಬಾಗಿಲೆಲ್ಲಾ ಕಳಚಿ ಇಟ್ಟ, ಚೌಕಟ್ಟಿನ ಎರಡೂ ಬದಿ ಹೋಲ್ಡ್‌ಫಾಸ್ಟ್ (ಗೋಡೆಗೆ ಹಿಡಿಯೋ ಕಬ್ಬಿಣದ ಪಟ್ಟಿ) ಗಟ್ಟಿ ಇವೆಯಾ ಅಂತ ತಟ್ಟಿ ನೋಡಿದ, ಒಂದು ತುಕ್ಕು ತಿಂದಿತ್ತು, ಅಲ್ಲಿ ಒಳಗಿಂದ ಮರದ ತುಂಡು ಕೊಟ್ಟು ಆಧಾರ ಕಟ್ಟಿದ. ಆಮೇಲೆ ಗ್ರೈಂಡರ್‌ನಿಂದ ಕಲ್ಲನ್ನ ನಡುವೆ ಎರಡು ಕಡೆ ಅಡ್ಡ ಕೊಯ್ದ, ನೀರು ಬಿಡ್ತಾ ಬಿಡ್ತಾ ಕೊಯ್ಯಿ ಅಂತ ನಾನು ಮಗ್ ಹಿಡ್ಕೊಂಡು ನಿಂತಿದ್ದೆ. ಒಣ ಕೊಯ್ದ್ರೆ ಎದ್ದೇಳೋ ಧೂಳು ಪುಪ್ಪುಸಕ್ಕೆ ಕೆಟ್ಟದ್ದು, ಗ್ರಾನೈಟಿನದಂತೂ ಇನ್ನೂ ಕೆಟ್ಟದ್ದು, ಸಿಲಿಕಾ ಇರತ್ತೆ ಅದರಲ್ಲಿ. ಮಾಸ್ಕ್ ಕೊಟ್ರೆ "ಇದ ಕಟ್ಕೊಂಡ್ರ ತಂಬಾಕ ಹ್ಯಾಂಗ್ ತಿನ್ನೂದ್ರಿ" ಅಂದ. ಆದ್ರೂ ಕಟ್ಕೊಂಡ. ನಡುವಿನ ತುಂಡು ಸಡಿಲಾಗಿ ಕೈಗೆ ಬಂತು, ಆಮೇಲೆ ಬದಿಯ ಎರಡು ತುಂಡನ್ನ ಚಾಣ ಹಾಕಿ ಸಂದಿ ಬಿಡಿಸಿ ನಡುವಿನ ಖಾಲಿ ಜಾಗಕ್ಕೆ ಜಾರಿಸಿ ಹೊರಗೆ ತೆಗೆದ. ಒಂದೂ ಪೆಟ್ಟು ಮೇಲಕ್ಕೆ ಬೀಳ್ಲಿಲ್ಲ, ಎಲ್ಲಾ ಅಡ್ಡಕ್ಕೆ.

ಕಲ್ಲು ಬಂದ ಮೇಲೆ ಕೆಳಗಿನ ಇಟ್ಟಂಗಿ ನೋಡಿ ಎಲ್ಲರೂ ಸುಮ್ಮನಾದ್ವಿ. ನವೆಂಬರ್ ತಿಂಗಳು, ಮಳೆ ನಿಂತು ಎಷ್ಟೋ ದಿನ ಆಗಿದೆ, ಇಟ್ಟಂಗಿ ಇನ್ನೂ ತಣ್ಣಗೆ ಒದ್ದೆ ಇದೆ, ಉಗುರಲ್ಲಿ ಗೀರಿದ್ರೆ ಮಾಲು (ಸಿಮೆಂಟ್ ಗಾರೆ) ಮರಳಾಗಿ ಉದುರತ್ತೆ. ಮೇಲಿನ ವರಸೆ ಪೂರ್ತಿ ತೆಗೆಸಿ ಹೊಸ ಇಟ್ಟಂಗಿ ಕೂರಿಸಿದ್ವಿ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸ್ಬೇಕು ಅಂತ ಮನೆಯವ್ರು ಎಲ್ಲೋ ವಿಡಿಯೋ ನೋಡ್ಕೊಂಡು ಬಂದಿದ್ರು, ಗೌಂಡಿ ಅದರ ಮೇಲೆ ಮಾಲು ಹಿಡಿಯಲ್ಲ ಅಂತ ಒಪ್ಪಲಿಲ್ಲ. ಕೊನೆಗೆ ಸಿಮೆಂಟ್ ಜೊತೆ ವಾಟರ್‌ಪ್ರೂಫಿಂಗ್ ಕೆಮಿಕಲ್ ಕಲಸಿ ಇಟ್ಟಂಗಿ ಮೇಲೆ ಎರಡು ಕೋಟ್ ಬಳಿದ್ವಿ, ಚೌಕಟ್ಟಿನ ಹಿಂದಕ್ಕೂ ಬದಿಗೂ ಸ್ವಲ್ಪ ಮೇಲೇರಿಸಿ.

ಈಗ ಐದು ಅಡಿ ಬಾಯಿಗೆ ಐದಡಿ ಎಂಟಿಂಚಿನ ಕಲ್ಲು ಹೋಗ್ಬೇಕು, ಅದೂ ಒಂದೇ ತುಂಡು. ಎರಡು ತುಂಡು ಮಾಡಿ ನಡುವೆ ಜೋಡಿಸೋಣ ಅಂದ್ರೆ ಆ ಜೋಡಣೆಯಲ್ಲೇ ನೀರು ಇಳಿಯತ್ತೆ, ಏನುಪಯೋಗ. ಗೌಂಡಿ ಮಾಡಿದ ಉಪಾಯ ಸರಳ, ಎಡಗಡೆ ಗೋಡೆಯಲ್ಲಿ ನಾಕರ ಬದಲು ಎಂಟು ಇಂಚು ಆಳಕ್ಕೆ ತೂತು ಕೊರೆದ. ಕಲ್ಲನ್ನ ಮೊದಲು ಎಡಕ್ಕೆ ಪೂರ್ತಿ ನುಗ್ಗಿಸಿ, ಬಲಗಡೆ ತುದಿ ಬಾಯೊಳಗೆ ಬಂದ ಮೇಲೆ ಬಲಕ್ಕೆ ನಾಕಿಂಚು ಜಾರಿಸಿದ. ಎಡಗಡೆ ಉಳಿದ ಖಾಲಿಗೆ ಇಟ್ಟಂಗಿ ಚೂರು ಮಾಲು ತುರುಕಿದ. ಆ ಭಾರದ ಕಲ್ಲನ್ನ ಪರಾಂಚಿ ಮೇಲೆ ಮೂರು ಜನ ಹಿಡ್ಕೊಂಡು ಹಾಗೆ ಜಾರಿಸ್ತಿದ್ರೆ ಕೆಳಗೆ ಮಾವನೋರು "ನಿಧಾನ ಯಪ್ಪಾ ನಿಧಾನ" ಅಂತ ಕೂಗ್ತಾನೇ ಇದ್ರು.

ಇಳಿಜಾರು ರಸಮಟ್ಟ ಇಟ್ಟು ನೋಡಿ ಹೊರಗಡೆಗೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಕೊಟ್ಟ. ಉದ್ದಕ್ಕೆ ಮಾತ್ರ ಸಪಾಟು. ಮಾಲು ಒಂದು ಸಿಮೆಂಟಿಗೆ ನಾಕು ಮರಳು, ನೀರು ಕಡಿಮೆ, ಮುಷ್ಟಿ ಕಟ್ಟಿದ್ರೆ ಉಂಡೆ ನಿಲ್ಲೋ ಹದ. ಒಂದು ವಿಷಯ ನಂಗೆ ತುಂಬಾ ಹಿಡಿಸ್ತು: ಮಾಲನ್ನ ಎರಡು ತುದಿ ಕೆಳಗೆ ಮಾತ್ರ ಗಟ್ಟಿಯಾಗಿ ತುಂಬಿದ, ನಡುವೆ ಟೊಳ್ಳು ಬಿಟ್ಟ, ಎಲ್ಲಾ ಮುಗಿದು ಒಣಗಿದ ಮೇಲೆ ಹೊರಗಿನ ಸಂದಿಗಷ್ಟೇ ಮಾಲು ತುಂಬಿ ಪಾಯಿಂಟಿಂಗ್ ಮಾಡಿದ. ಹಳೇ ಕಲ್ಲು ನಡುವೆ ಸೀಳಿದ್ಯಾಕೆ ಅಂತ ಆಗ ಗೊತ್ತಾಯ್ತು. ಕಿಡಕಿ ಎಡಬಲದ ಗೋಡೆ ಮೇಲೆ ಸ್ಲ್ಯಾಬಿನ ಭಾರ ಬರತ್ತೆ, ಕಿಡಕಿ ಕೆಳಗಿನ ಗೋಡೆ ಮೇಲೆ ಏನೂ ಇರಲ್ಲ. ಮನೆ ಕಟ್ಟಿದ ಮೊದಲ ವರ್ಷಗಳಲ್ಲಿ ಭಾರ ಇರೋ ಬದಿಗೋಡೆ ಒಂಚೂರು ಜಾಸ್ತಿ ಕೂರತ್ತೆ, ಜೊತೆಗೆ ಕಲ್ಲಿನ ಎರಡು ತುದಿಯನ್ನೂ ಕೆಳಗೆ ಅದುಮತ್ತೆ, ನಡುವೆ ಕೆಳಗಡೆ ಗಟ್ಟಿ ಮಾಲು ಎತ್ತಿ ಹಿಡಿದಿರತ್ತೆ, ಕಲ್ಲು ಬಾಗೋದಿಲ್ಲ, ಮುರೀತದೆ ಅಷ್ಟೇ. ನಲವತ್ತು ವರ್ಷ ದಾಟಿದ ನಮ್ಮ ಮನೆ ಇನ್ನೇನು ಕೂರತ್ತೆ ಅಂದೆ. "ಅದ ನಮ್ಮ ಕೈ ರೂಢಿ ಅಕ್ಕಾರ, ಇರ್ಲಿ ಬಿಡ್ರಿ" ಅಂದ.

ಕೆಳಗಿನ ಶಹಾಬಾದ್ ಕೆಲಸ ಬೇಗ ಆಯ್ತು, ಅದನ್ನ ಮಶೀನ್ ಕಟ್ ಮಾಡಿದ ದಪ್ಪ ಕಲ್ಲು ತರಿಸಿದ್ವಿ, ಗ್ರೂವ್ ಇಲ್ಲೇ ನಿಂತು ಹೊಡೆಸಿದ್ವಿ. ಹಳೇ ಕಲ್ಲಿನ ಮೇಲಿದ್ದ ಟೈಲ್ಸ್ ಎಬ್ಬಿಸಿದ್ರೆ ಅಡಿಯಲ್ಲಿ ಸಿಮೆಂಟ್ ಕಲೆ ಉಳೀತಲ್ಲ, ಹೆಲ್ಪರ್ ಹುಡುಗ ಬಾತ್‌ರೂಮ್ ತೊಳೆಯೋ ಆಸಿಡ್ ಬಾಟ್ಲಿ ಹಿಡ್ಕೊಂಡು ಬಂದಿದ್ದ. ಗ್ರಾನೈಟ್ ಮೇಲೆ ಆದ್ರೆ ಹೇಗೋ, ಸುಣ್ಣಕಲ್ಲಿನ ಮೇಲೆ ಆಸಿಡ್ ಬಿದ್ರೆ ಬುಸ್ ಅಂತ ನೊರೆ ಬಂದು ಕಲ್ಲೇ ಕರಗತ್ತೆ. ಬಾಟ್ಲಿ ಕಿತ್ಕೊಂಡು ಉಜ್ಜುವ ಕಲ್ಲು ಕೊಟ್ಟೆ, ನೀರು ಹಾಕ್ತಾ ಉಜ್ಜಿದ, ಸಮಯ ಹಿಡೀತು, ಆದ್ರೆ ಹಳೇ ಬೂದು ಬಣ್ಣ ಹಾಗೇ ಬಂತು.

ಗಿಲಾವು ಹೊಡೆಯುವಾಗ ಹಳೇ ಎರಡು ಪದರ ಪೂರ್ತಿ ಇಟ್ಟಂಗಿ ತನಕ ತೆಗೆಸಿದ್ವಿ, ಖರ್ಚು ಜಾಸ್ತಿಯಾಗಿದ್ದು ಅಲ್ಲೇ. ಎಲ್ಲಾ ಲೆಕ್ಕ ನೋಡಿದ್ರೆ ಕಲ್ಲಿಗಿಂತ ಕೂಲಿ, ಪರಾಂಚಿ, ಗಿಲಾವು, ರಾಡಾರೋಡಾ ಸೇರಿಯೇ ದೊಡ್ಡ ಗಂಟು, ಹಾಗಿದ್ಮೇಲೆ ಕಲ್ಲಿನ ದಪ್ಪದಲ್ಲಿ ಉಳಿಸಕ್ಕೆ ಹೋಗೋದ್ರಲ್ಲಿ ಅರ್ಥ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಗೋಣಿ ತಟ್ಟು ಹೊದಿಸಿ ಒಂದು ವಾರ ನೀರು ಹಾಕಿದ್ವಿ. ಚೌಕಟ್ಟು ಕಲ್ಲಿಗೆ ಕೂಡೋ ಸಂದಿಗೆ ಸಿಲಿಕಾನ್ ಬಳಿದ್ವಿ, ಕಲ್ಲಿನ ಅಡಿ ಗೋಡೆಗೆ ಕೂಡೋ ಕಡೆ ಬೇಡ ಅಂದ ಗೌಂಡಿ, ಒಳಗೆ ಹೋದ ನೀರು ಹೊರಗೆ ಬರಕ್ಕೂ ದಾರಿ ಬೇಕಲ್ಲ.

ಬಣ್ಣ ಹಚ್ಚೋ ಮೊದಲು ಒಂದು ಪರೀಕ್ಷೆ ಮಾಡಿದ್ವಿ, ನೀವೂ ಮಾಡಿ. ಸಿಲ್ ಕೆಳಗಿನ ಗೋಡೆಗೆ ಸೀಮೆಸುಣ್ಣ ಒತ್ತಿ ಬಳಿದು ಮೇಲಿಂದ ಪೈಪಲ್ಲಿ ಕಲ್ಲಿನ ಮೇಲೆ ನೀರು ಬಿಟ್ವಿ. ಗ್ರೂವ್ ಇರೋ ಗೆರೆಗೆ ಸರಿಯಾಗಿ ಹನಿ ಹನಿ ಉದುರ್ತಿತ್ತು, ಸೀಮೆಸುಣ್ಣ ಒಣಗೇ ಇತ್ತು. ಒಂದು ಕಿಡಕಿಯಲ್ಲಿ ಮಾತ್ರ ಬಲತುದಿಗೆ ಒದ್ದೆ ಗೆರೆ ಬಂತು, ಅಲ್ಲಿ ಗ್ರೂವ್ ಒಳಗೆ ಮಾಲು ಮೆತ್ತಿಕೊಂಡಿತ್ತು, ಮೊಳೆಯಲ್ಲಿ ಕೆರೆದು ತೆಗೆದ ಮೇಲೆ ಸರಿಹೋಯ್ತು. ಒಳಗೋಡೆಗೆ ಬಣ್ಣ ತಕ್ಷಣ ಬಳೀಲಿಲ್ಲ, ಹಳೇ ಲಾಂಬಿ ಕೆರೆದು ಬೇಸಿಗೆ ಪೂರ್ತಿ ಹಾಗೇ ಬಿಟ್ವಿ, ಇಟ್ಟಂಗಿ ಒಳಗಿನ ತೇವ ಹೋಗ್ಲಿ ಅಂತ. ಬಂದೋರೆಲ್ಲಾ ಇದೇನು ಗೋಡೆಗೆ ರೋಗ ಬಂದಿದ್ಯಾ ಅಂತ ಕೇಳೋರು.

ಒಂದು ಪೂರ್ತಿ ಮಳೆಗಾಲ ಕಳೀತು. ಗಣಪತಿಗೆ ಗೋಡೆ ಮುಟ್ಟಿ ಮುಟ್ಟಿ ನೋಡಿದ್ವಿ, ಒಣಗಿತ್ತು, ಆಮೇಲೇ ಬಣ್ಣ. ಪಕ್ಕದ ಮನೆ ಕಾಕೂ ಈಗ ಅದೇ ಗ್ರಾನೈಟು ಎಲ್ಲಿ ಸಿಗತ್ತೆ ಅಂತ ಕೇಳ್ತಿದ್ದಾರೆ, ಅಂಗಡಿ ಆಮೇಲೆ ನೋಡೋಣ ಮೊದಲು ನಿಮ್ಮ ಕಲ್ಲಿನ ಅಡಿಗೆ ಬೆರಳು ಹಾಕಿ ನೋಡಿ ಅಂತ ಹೇಳಿದೀನಿ. ಹಿಂದಿನ ಬಚ್ಚಲುಮನೆ ವೆಂಟಿಲೇಟರಿನ ಸಿಲ್ ಮಾತ್ರ ಹಳೇದೇ ಇದೆ, ಅಲ್ಲಿ ಮಳೆ ಹೊಡಿಯಲ್ಲ, ಕಲ್ಲೂ ಗಟ್ಟಿ ಇದೆ, ಮುಟ್ಟೋ ಯೋಚನೆ ಇಲ್ಲ.